ಕಲ್ಲಿದ್ದಲು ಗಣಿಯ ಧೂಳುರೋಗ ಮತ್ತು ಉಸಿರುರಕ್ಷಕ ಮುಖಗವಸು

ಕಲ್ಲಿದ್ದಲಿನ ಸೂಕ್ಷ್ಮ ಧೂಳನ್ನು ವರ್ಷಾನುಗಟ್ಟಲೆ ಉಸಿರಾಡಿದವರ ಶ್ವಾಸಕೋಶದಲ್ಲಿ ಉಂಟಾಗುವ ಶಾಶ್ವತ ಹಾನಿಗೆ ವೈದ್ಯಶಾಸ್ತ್ರವು ‘ಕಲ್ಲಿದ್ದಲು ಕಾರ್ಮಿಕರ ನ್ಯುಮೋಕೋನಿಯೋಸಿಸ್’ ಎಂದು ಹೆಸರಿಟ್ಟಿದೆ. ಅಮೆರಿಕದ ಗಣಿ ಊರುಗಳಲ್ಲಿ ಇದನ್ನು ‘ಬ್ಲ್ಯಾಕ್ ಲಂಗ್’, ಅಂದರೆ ಕಪ್ಪು ಶ್ವಾಸಕೋಶ ಎನ್ನುತ್ತಾರೆ. ಕಲ್ಲಿದ್ದಲಿನ ಜೊತೆಗೆ ಬಂಡೆಯನ್ನೂ ಕೊರೆಯುವಲ್ಲಿ ಸಿಲಿಕಾ ಧೂಳು ಸೇರಿಕೊಂಡು ಸಿಲಿಕೋಸಿಸ್ ಎಂಬ ಇನ್ನೂ ಉಗ್ರವಾದ ರೋಗವೂ ಬರುತ್ತದೆ. ಎರಡಕ್ಕೂ ಇಂದಿನವರೆಗೆ ಗುಣಪಡಿಸುವ ಔಷಧವಿಲ್ಲ. ಆದುದರಿಂದ ಈ ವಿಷಯದಲ್ಲಿ ಚಿಕಿತ್ಸೆಗಿಂತ ತಡೆಗಟ್ಟುವಿಕೆಯ ಮಾತೇ ಹೆಚ್ಚು.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ಆದರೆ ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲಿನ ಒಂದು ಪಾಲು ತೆಲಂಗಾಣದ ಗೋದಾವರಿ ಕಣಿವೆಯ ಸಿಂಗರೇಣಿ ಗಣಿಗಳಿಂದ ಬರುತ್ತದೆ. ಧೂಳುರೋಗದ ಭಾರತೀಯ ಇತಿಹಾಸದಲ್ಲಂತೂ ಕನ್ನಡನಾಡಿನ ಹೆಸರು ಮೊದಲ ಪುಟದಲ್ಲಿಯೇ ಇದೆ. ನಮ್ಮ ದೇಶದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1947ರಲ್ಲಿ, ಆಗಿನ ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಗಳಿಂದ. ತಾಂಡೂರಿನ ಹಾಸುಗಲ್ಲಿನ ಗಣಿಗಳಲ್ಲಿ, ಹೊಸೂರು–ಕೃಷ್ಣಗಿರಿ ಕಡೆಯ ಗ್ರಾನೈಟ್ ಘಟಕಗಳಲ್ಲಿ ದುಡಿಯುವ ಗಡಿನಾಡ ಓದುಗರಿಗೂ ಮುಂದೆ ಹೇಳಲಿರುವ ಮುಖಗವಸಿನ ವಿಚಾರ ಅನ್ವಯಿಸುತ್ತದೆ.

ರೋಗ ಬರುವ ಬಗೆ

ಕಣ್ಣಿಗೆ ಕಾಣುವ ಧೂಳು ಅಷ್ಟು ಅಪಾಯಕಾರಿಯಲ್ಲ. ಅದು ಮೂಗಿನಲ್ಲಿ, ಗಂಟಲಿನಲ್ಲಿ ಸಿಕ್ಕಿಕೊಂಡು ಕಫದೊಡನೆ ಹೊರಬೀಳುತ್ತದೆ. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿದೆ ಎಂದುಕೊಂಡರೆ, ಶ್ವಾಸಕೋಶದ ತುದಿಯ ಗಾಳಿಚೀಲಗಳನ್ನು ಮುಟ್ಟುವ ಕಣಗಳು ಬಹುಮಟ್ಟಿಗೆ 5 ಮೈಕ್ರಾನಿಗಿಂತ ಚಿಕ್ಕವು. ಬರಿಗಣ್ಣಿಗೆ ಗಾಳಿ ತಿಳಿಯಾಗಿ ಕಂಡರೂ ಅದರಲ್ಲಿ ಇವು ತೇಲುತ್ತಿರಬಹುದು. ‘ಇಂದು ಧೂಳಿಲ್ಲ, ಮಾಸ್ಕ್ ಬೇಡ’ ಎಂಬ ತೀರ್ಮಾನವನ್ನು ಕಣ್ಣಿನ ಸಾಕ್ಷ್ಯದ ಮೇಲೆ ಮಾಡಲಾಗದು ಎಂಬುದಕ್ಕೆ ಇದೇ ಕಾರಣ.

ಒಳಹೊಕ್ಕ ಕಣಗಳನ್ನು ದೇಹದ ರಕ್ಷಕ ಕೋಶಗಳು ನುಂಗುತ್ತವೆ. ಆದರೆ ಕಲ್ಲಿದ್ದಲನ್ನಾಗಲಿ ಸಿಲಿಕಾವನ್ನಾಗಲಿ ಅವು ಜೀರ್ಣಿಸಲಾರವು. ನುಂಗಿದ ಕೋಶಗಳು ಸಾಯುತ್ತವೆ, ಅಲ್ಲಿ ಉರಿಯೂತವಾಗುತ್ತದೆ, ಗಾಯದ ಕಲೆಯಂತಹ ಗಡಸು ನಾರು ಬೆಳೆಯುತ್ತದೆ. ಆರಂಭದಲ್ಲಿ ಇವು ಸಣ್ಣ ಗಂಟುಗಳು. ಎಕ್ಸ್-ರೇಯಲ್ಲಿ ಮಾತ್ರ ಕಾಣುತ್ತವೆ, ರೋಗಿಗೆ ಏನೂ ಅನಿಸದಿರಬಹುದು. ಕೆಲವರಲ್ಲಿ ಗಂಟುಗಳು ಒಂದಕ್ಕೊಂದು ಕೂಡಿಕೊಂಡು 1 ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆಗಳಾಗುತ್ತವೆ. ಆಗ ಮೆಟ್ಟಿಲು ಹತ್ತುವುದು, ಕೊನೆಗೆ ಉಂಡು ಕೈತೊಳೆಯುವುದೂ ಏದುಸಿರಿನ ಕೆಲಸವಾಗುತ್ತದೆ. ಸಾಮಾನ್ಯವಾಗಿ ಹತ್ತು ವರ್ಷಗಳಿಗಿಂತ ಹೆಚ್ಚಿನ ದುಡಿಮೆಯ ನಂತರ ರೋಗ ತಲೆದೋರುತ್ತದೆ. ಗಣಿ ಬಿಟ್ಟ ಮೇಲೂ ಅದು ಬೆಳೆಯಬಲ್ಲುದು. ಸಿಲಿಕಾ ಧೂಳು ಕ್ಷಯರೋಗದ ಅಪಾಯವನ್ನೂ ಹೆಚ್ಚಿಸುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಹಳೆಯ ಅರಿವು, ತಡವಾದ ಕಾನೂನು

ಧೂಳು ಕೊಲ್ಲುತ್ತದೆ ಎಂಬುದು ಹೊಸ ಸಂಶೋಧನೆಯಲ್ಲ. ಸಿಂಧೂರದ ಅದಿರನ್ನು ಅರೆಯುವವರು ಪ್ರಾಣಿಗಳ ಮೂತ್ರಕೋಶದ ತೆಳುಪೊರೆಯನ್ನು ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದರೆಂದು ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. 1556ರಲ್ಲಿ ಪ್ರಕಟವಾದ ಅಗ್ರಿಕೋಲನ ಗಣಿಶಾಸ್ತ್ರ ಗ್ರಂಥವು, ಕಾರ್ಪೇಥಿಯನ್ ಪರ್ವತದ ಗಣಿ ಊರುಗಳಲ್ಲಿ ಒಬ್ಬೊಬ್ಬಳು ಏಳು ಗಂಡಂದಿರನ್ನು ಮದುವೆಯಾಗಿ ಏಳು ಮಂದಿಯನ್ನೂ ಧೂಳಿಗೆ ಕಳೆದುಕೊಂಡ ಹೆಂಗಸರ ಸಂಗತಿಯನ್ನು ಹೇಳುತ್ತದೆ. ಅರಿವಿಗೂ ಕಾನೂನಿಗೂ ನಡುವೆ ನಾನೂರು ವರ್ಷಗಳ ಅಂತರ ಏಕಾಯಿತೆಂದು ಕೇಳಿದರೆ, ಉತ್ತರ ವೈದ್ಯಶಾಸ್ತ್ರದಲ್ಲಿ ಸಿಕ್ಕುವಂಥದಲ್ಲ.

ಅಮೆರಿಕದಲ್ಲಿ 1968ರ ನವೆಂಬರಿನಲ್ಲಿ ವೆಸ್ಟ್ ವರ್ಜೀನಿಯಾದ ಫಾರ್ಮಿಂಗ್ಟನ್ ಗಣಿಯಲ್ಲಿ ಸ್ಫೋಟವಾಗಿ 78 ಮಂದಿ ಸತ್ತರು. ಮರುವರ್ಷದ ಆರಂಭದಲ್ಲಿ ಅದೇ ರಾಜ್ಯದ ಸುಮಾರು 40,000 ಗಣಿಗಾರರು ಕಪ್ಪು ಶ್ವಾಸಕೋಶದ ಪರಿಹಾರಕ್ಕಾಗಿ ಮುಷ್ಕರ ಹೂಡಿದರು. ಆ ಒತ್ತಡದಿಂದ ಬಂದ 1969ರ ಕೇಂದ್ರ ಕಾಯಿದೆಯು ಗಾಳಿಯಲ್ಲಿನ ಸೂಕ್ಷ್ಮ ಧೂಳಿಗೆ ಮಿತಿ ಹಾಕಿತು: ಮೊದಲು ಘನ ಮೀಟರಿಗೆ 3 ಮಿಲಿಗ್ರಾಂ, 1972ರ ಕೊನೆಯಿಂದ 2 ಮಿಲಿಗ್ರಾಂ, 2016ರಿಂದ ಅದು 1.5 ಮಿಲಿಗ್ರಾಂ ಆಗಿದೆ. ಕಾಯಿದೆಯ ನಂತರ ಮೂರು ದಶಕಗಳ ಕಾಲ ರೋಗ ಇಳಿಮುಖವಾಯಿತು. ಬಳಿಕ ಮತ್ತೆ ಏರಿತು. ನೈಋತ್ಯ ವರ್ಜೀನಿಯಾದ ಕೇವಲ ಮೂರು ಚಿಕಿತ್ಸಾಲಯಗಳಲ್ಲಿ 2013ರಿಂದ 2017ರ ನಡುವೆ ದೊಡ್ಡ ಗಡ್ಡೆಯ ಹಂತ ತಲುಪಿದ್ದ 416 ಗಣಿಗಾರರು ಪತ್ತೆಯಾದರು. ದಪ್ಪ ಕಲ್ಲಿದ್ದಲಿನ ಪದರಗಳು ಮುಗಿದು, ತೆಳು ಪದರಗಳ ಜೊತೆಗೆ ಬಂಡೆಯನ್ನೂ ಕತ್ತರಿಸಬೇಕಾಗಿ ಬಂದುದರಿಂದ ಸಿಲಿಕಾ ಹೆಚ್ಚಿತೆಂಬುದು ಇದಕ್ಕೆ ತಜ್ಞರು ಕೊಡುವ ಮುಖ್ಯ ಕಾರಣ. ಮುಖಗವಸುಗಳು ಆ ಗಣಿಗಳಲ್ಲಿ ದೊರೆಯದೆ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಮುಖಗವಸು: ಯಾವುದು, ಹೇಗೆ

ಕೊರೊನಾ ಕಾಲದಲ್ಲಿ ‘ಮಾಸ್ಕ್’ ಎಂಬ ಒಂದೇ ಶಬ್ದದಡಿ ಎಲ್ಲವೂ ಬೆರೆತುಹೋದವು. ಟವೆಲ್ಲು, ಕರವಸ್ತ್ರ, ಬಟ್ಟೆಯ ಮಾಸ್ಕ್ ಇವು ಸೂಕ್ಷ್ಮ ಧೂಳನ್ನು ತಡೆಯುವುದಿಲ್ಲ. ಶಸ್ತ್ರಚಿಕಿತ್ಸೆಯ ಮಾಸ್ಕ್ ತೊಟ್ಟವರ ಉಗುಳಿನ ಹನಿ ಹೊರಗೆ ಸಿಡಿಯದಂತೆ ಮಾಡಿದ್ದು. ಅದರ ಅಂಚು ಮುಖಕ್ಕೆ ಕೂರುವುದೇ ಇಲ್ಲ. ಗಣಿಗೆ ಬೇಕಾದದ್ದು ಪರೀಕ್ಷೆಗೆ ಒಳಪಟ್ಟ ರೆಸ್ಪಿರೇಟರ್. ಅಮೆರಿಕದ ಎನ್95 ದರ್ಜೆಯದು 0.3 ಮೈಕ್ರಾನ್ ಗಾತ್ರದ ಪರೀಕ್ಷಾ ಕಣಗಳಲ್ಲಿ ಶೇಕಡಾ 95ನ್ನಾದರೂ ಹಿಡಿಯಬೇಕು. ಯುರೋಪಿನ ಎಫ್‌ಎಫ್‌ಪಿ2 ಶೇಕಡಾ 94, ಎಫ್‌ಎಫ್‌ಪಿ3 ಶೇಕಡಾ 99. ಭಾರತದಲ್ಲಿ ಈ ಬಗೆಯ ಮುಖಗವಸುಗಳ ಮಾನಕ ಐಎಸ್ 9473. ಅದರಲ್ಲಿಯೂ ಎಫ್‌ಎಫ್‌ಪಿ1, 2, 3 ಎಂಬ ದರ್ಜೆಗಳಿವೆ. ಕೊಳ್ಳುವಾಗ ಈ ಸಂಖ್ಯೆಯನ್ನೂ ದರ್ಜೆಯನ್ನೂ ನೋಡತಕ್ಕದ್ದು.

ಶೋಧಕ ಎಷ್ಟೇ ಉತ್ತಮವಾಗಿರಲಿ, ಗಾಳಿ ಅಂಚಿನಿಂದ ನುಸುಳಿದರೆ ಫಲವಿಲ್ಲ. ಒಂದು ದಿನದ ಗಡ್ಡವೂ ಅಂಚನ್ನು ಎತ್ತುತ್ತದೆ. ಮೂಗಿನ ಪಟ್ಟಿಯನ್ನು ಎರಡೂ ಕೈಬೆರಳುಗಳಿಂದ ಒತ್ತಿ ಕೂರಿಸಬೇಕು. ಎರಡು ಪಟ್ಟಿಗಳಿದ್ದರೆ ಒಂದು ನೆತ್ತಿಯ ಹಿಂಭಾಗಕ್ಕೆ, ಇನ್ನೊಂದು ಕಿವಿಯ ಕೆಳಗೆ ಕತ್ತಿಗೆ. ತೊಟ್ಟ ಮೇಲೆ ಅಂಗೈಗಳಿಂದ ಮುಚ್ಚಿ ಉಸಿರು ಬಿಟ್ಟು, ಕಣ್ಣಿನತ್ತ ಅಥವಾ ಗಲ್ಲದತ್ತ ಗಾಳಿ ಸೋರುತ್ತದೆಯೇ ಎಂದು ಪ್ರತಿಸಲವೂ ನೋಡಬೇಕು. ಇದಲ್ಲದೆ, ಕೆಲಸಕ್ಕೆ ಸೇರಿದಾಗಲೂ ವರ್ಷಕ್ಕೊಮ್ಮೆಯೂ ಹೊಂದಿಕೆಯ ಪರೀಕ್ಷೆ ನಡೆಯಬೇಕೆಂಬುದು ಒಪ್ಪಿತ ಪದ್ಧತಿ. ಎಲ್ಲ ಮುಖಗಳಿಗೂ ಒಂದೇ ಅಳತೆ ಹೊಂದುವುದಿಲ್ಲ. ಒಮ್ಮೆ ಬಳಸಿ ಬಿಸಾಡುವ ಬಗೆಯದನ್ನು ಒಗೆಯಬಾರದು. ಅದರ ನಾರುಗಳಲ್ಲಿರುವ ವಿದ್ಯುದಾವೇಶವೇ ಕಣಗಳನ್ನು ಸೆಳೆದು ಹಿಡಿಯುವುದು. ಸೋಪಿನ ನೀರಿನಲ್ಲಿ ಅದು ನಾಶವಾಗುತ್ತದೆ, ನೋಟಕ್ಕೆ ಮಾತ್ರ ಮಾಸ್ಕ್ ಸ್ವಚ್ಛವಾಗಿರುತ್ತದೆ. ಈ ಸೂಚನೆಗಳು ಪೊಟ್ಟಣದ ಮೇಲೆ ಬಹುತೇಕ ಇಂಗ್ಲಿಷಿನಲ್ಲಿಯೇ ಇರುತ್ತವೆ. ರಾಜ್ಯಭಾಷೆಯಲ್ಲಿ ಕೊಟ್ಟರೂ, ಅದನ್ನು ಓದಲಾರದ ಭಾಷಾ ಅಲ್ಪಸಂಖ್ಯಾತ ಕಾರ್ಮಿಕನಿಗೆ ತೊಟ್ಟು ತೋರಿಸಿ ಕಲಿಸುವುದೊಂದೇ ದಾರಿ.

ಅರ್ಧ ಮುಖ ಮುಚ್ಚುವ, ಸರಿಯಾಗಿ ಹೊಂದಿದ ರೆಸ್ಪಿರೇಟರ್ ಒಳಗಿನ ಧೂಳನ್ನು ಹೊರಗಿನದರ ಹತ್ತನೆಯ ಒಂದು ಭಾಗಕ್ಕೆ ಇಳಿಸುತ್ತದೆಂದು ಲೆಕ್ಕ ಹಿಡಿಯುವುದು ವಾಡಿಕೆ. ಆದರೆ ಈ ಹತ್ತು ಎಂಬ ಸಂಖ್ಯೆ ಪಾಳಿಯ ಉದ್ದಕ್ಕೂ ತೊಟ್ಟವರಿಗೆ ಮಾತ್ರ. ಎಂಟು ಗಂಟೆಯ ಪಾಳಿಯಲ್ಲಿ ಒಂದು ಗಂಟೆ ಅದನ್ನು ಕೆಳಗಿಳಿಸಿದರೆ ಏನಾಗುತ್ತದೆ? ಏಳು ಗಂಟೆಗಳಲ್ಲಿ ಒಳಹೋದದ್ದು 0.7 ಗಂಟೆಯ ಧೂಳು. ಬರಿಮುಖದ ಒಂದು ಗಂಟೆಯದು ಪೂರ್ತಿ 1. ಒಟ್ಟು 1.7. ಅಂದರೆ ಹತ್ತು ಪಟ್ಟಿನ ರಕ್ಷಣೆ ಐದು ಪಟ್ಟಿಗಿಂತಲೂ ಕೆಳಗಿಳಿಯಿತು. ಎರಡು ಗಂಟೆ ತೆಗೆದರೆ ಸುಮಾರು ಮೂರು ಪಟ್ಟು ಮಾತ್ರ ಉಳಿಯುತ್ತದೆ. ಈ ಲೆಕ್ಕವನ್ನು ಓದಿ ಕಾರ್ಮಿಕನನ್ನು ಅಶಿಸ್ತಿನವನೆಂದು ದೂರುವುದು ಸುಲಭ. ಆದರೆ ನೆಲದಾಳದ ಸೆಕೆಯಲ್ಲಿ, ಬೆವರಿನಲ್ಲಿ ನೆನೆದ ಮಾಸ್ಕಿನೊಳಗಿಂದ ಉಸಿರೆಳೆಯುತ್ತ ಭಾರದ ಕೆಲಸ ಮಾಡುವುದು ಕಷ್ಟ. ಯಂತ್ರದ ಸದ್ದಿನಲ್ಲಿ ‘ಚಾವಣಿ ಬೀಳುತ್ತಿದೆ, ಸರಿಯಿರಿ’ ಎಂದು ಕೂಗಿ ಹೇಳಬೇಕಾದವನು ಮಾಸ್ಕ್ ತೆಗೆದೇ ಕೂಗುತ್ತಾನೆ.

ಈ ತೊಡಕಿಗೆ ಪರಿಹಾರವಾಗಿ, ಸೊಂಟದ ಬ್ಯಾಟರಿಯಿಂದ ಚಿಕ್ಕ ಪಂಖ ನಡೆದು ಶೋಧಿಸಿದ ಗಾಳಿಯನ್ನು ಮುಖದ ಮುಂದೆ ಹಾಯಿಸುವ ಶಿರಸ್ತ್ರಾಣಗಳು ಬಂದವು. ಉಸಿರೆಳೆಯುವ ಶ್ರಮವಿಲ್ಲ, ತಂಪೂ ಹೌದು. ಸಡಿಲವಾದ ಮುಸುಕಿನ ಬಗೆಯದಕ್ಕೆ ಗಡ್ಡದ ಅಡ್ಡಿಯೂ ಇಲ್ಲ. ಆದರೆ ಭಾರ, ಬೆಲೆ ಎರಡೂ ಹೆಚ್ಚು. ಮೀಥೇನ್ ಅನಿಲವಿರುವ ಗಣಿಯಲ್ಲಿ ಕಿಡಿ ಹಾರದಂತೆ ರಚಿಸಿ ಪ್ರಮಾಣೀಕರಿಸಿದ ಸಾಧನವನ್ನಲ್ಲದೆ ಬೇರೆಯದನ್ನು ಒಯ್ಯುವಂತಿಲ್ಲ.

ಮಾಸ್ಕಿಗೆ ಮೊದಲು

ಔದ್ಯೋಗಿಕ ಆರೋಗ್ಯಶಾಸ್ತ್ರದಲ್ಲಿ ಮುಖಗವಸಿಗೆ ಕೊನೆಯ ಸ್ಥಾನ. ಧೂಳು ಹುಟ್ಟುವಲ್ಲಿಯೇ ಅದನ್ನು ಅಡಗಿಸುವುದು ಮೊದಲನೆಯದು: ಕೊರೆಯುವ ಹಲ್ಲುಗಳ ಮೇಲೆಯೇ ನೀರಿನ ತುಂತುರು, ನೀರು ಹರಿಸಿ ರಂಧ್ರ ಕೊರೆಯುವುದು, ಧೂಳನ್ನು ಹೀರುವ ಯಂತ್ರ, ಸಾಕಷ್ಟು ಶುದ್ಧ ಗಾಳಿಯ ಹರಿವು, ಕಾರ್ಮಿಕನು ಗಾಳಿ ಬರುವ ಕಡೆ ನಿಲ್ಲುವಂತೆ ಕೆಲಸದ ಏರ್ಪಾಡು. ಭಾರತದ ಕಲ್ಲಿದ್ದಲಿನ ಬಹುಪಾಲು ಈಗ ತೆರೆದ ಗಣಿಗಳಿಂದ ಬರುತ್ತದೆ. ಅಲ್ಲಿ ಡ್ರಿಲ್ ಮತ್ತು ಡಂಪರ್ ಚಾಲಕರಿಗೆ ಮುಚ್ಚಿದ, ಶೋಧಿತ ಗಾಳಿಯ ಕ್ಯಾಬಿನ್ನು ಯಾವ ಮಾಸ್ಕಿಗಿಂತಲೂ ಮೇಲು. ಕಿಟಕಿ ತೆರೆದಿಟ್ಟರೆ ಅದೂ ವ್ಯರ್ಥ. ಅಮೆರಿಕದ ನಿಯಮವು ಗಾಳಿಯ ಧೂಳನ್ನು ಮಿತಿಯೊಳಗೆ ತರುವ ಹೊಣೆಗೆ ರೆಸ್ಪಿರೇಟರನ್ನು ಬದಲಿಯಾಗಿ ಒಪ್ಪುವುದಿಲ್ಲ. ಮಾಸ್ಕ್ ಹಂಚಿದ ಪಟ್ಟಿಗೆ ಸಹಿ ಹಾಕಿಸಿಕೊಂಡು, ನೀರಿನ ಕೊಳವೆ ಕಟ್ಟಿಕೊಂಡಿದ್ದರೂ ದುರಸ್ತಿ ಮಾಡಿಸದ ಆಡಳಿತವು ತನ್ನ ಹೊಣೆಯನ್ನು ಕಾರ್ಮಿಕನ ಮೂಗಿಗೆ ಕಟ್ಟಿದೆ ಎಂದೇ ಹೇಳಬೇಕಾಗುತ್ತದೆ.

ತಪಾಸಣೆ ಮತ್ತು ದಾಖಲೆ

1952ರ ಗಣಿ ಕಾಯಿದೆಯ 25ನೆಯ ಕಲಮು ಅಧಿಸೂಚಿತ ರೋಗ ಕಂಡುಬಂದಾಗ ಗಣಿಯ ಆಡಳಿತವೂ ವೈದ್ಯರೂ ವರದಿ ಮಾಡಬೇಕೆಂದು ವಿಧಿಸಿತು. ಈ ಕಾಯಿದೆಯ ವಿಷಯಗಳನ್ನು 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಸೇರಿಸಲಾಗಿದೆ. ಕಲ್ಲಿದ್ದಲು ಗಣಿಗಳ ಧೂಳಿನ ನಿಯಮಗಳು 2017ರ ವಿನಿಯಮಗಳಲ್ಲಿವೆ. ಮೇಲ್ವಿಚಾರಣೆ ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು. ರಾಜಸ್ಥಾನ ಸರಕಾರವು 2019ರಲ್ಲಿ ಧೂಳುರೋಗಗಳಿಗಾಗಿಯೇ ಪ್ರತ್ಯೇಕ ನೀತಿಯನ್ನು ತಂದಿದೆ.

ರೋಗವನ್ನು ಗುರುತಿಸಲು ಎದೆಯ ಎಕ್ಸ್-ರೇ, ಊದಿಸಿ ನೋಡುವ ಶ್ವಾಸ ಪರೀಕ್ಷೆ, ಮತ್ತು ದುಡಿಮೆಯ ಇತಿಹಾಸ ಈ ಮೂರೂ ಬೇಕು. ಎಕ್ಸ್-ರೇಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮಾದರಿ ಚಿತ್ರಗಳೊಡನೆ ಹೋಲಿಸಿ ದರ್ಜೆ ಹಾಕುತ್ತಾರೆ. ದುಡಿಮೆಯ ಇತಿಹಾಸವನ್ನು ಕೇಳದ ವೈದ್ಯರು ಧೂಳಿನ ಗಂಟುಗಳನ್ನು ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸುವುದುಂಟು; ಎರಡೂ ರೋಗ ಒಟ್ಟಿಗೆ ಇರುವುದೂ ಉಂಟು, ಆದ್ದರಿಂದ ಕಫ ಪರೀಕ್ಷೆಯನ್ನು ಬಿಡುವಂತಿಲ್ಲ. ಯಾವ ಗಣಿಯಲ್ಲಿ ಅಥವಾ ಕ್ರಷರಿನಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಕೊರೆಯುವ ಕೆಲಸವೋ ತುಂಬುವ ಕೆಲಸವೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಹಾಜರಿ ಚೀಟಿ, ಭವಿಷ್ಯನಿಧಿಯ ಸಂಖ್ಯೆ ಮತ್ತು ಹಳೆಯ ಎಕ್ಸ್-ರೇಗಳೊಡನೆ ಇಟ್ಟುಕೊಂಡವರಿಗೆ ಆಸ್ಪತ್ರೆಯಲ್ಲಿಯೂ, ಪರಿಹಾರದ ಅರ್ಜಿಯ ಹೊತ್ತಿನಲ್ಲಿಯೂ ಅದು ನೆರವಾಗುತ್ತದೆ. ರಾಜ್ಯದ ಗಡಿ ದಾಟಿ ದುಡಿದವರು ಹಿಂದಿರುಗುವ ಮೊದಲೇ ಈ ಕಾಗದಗಳನ್ನು ಪಡೆದುಕೊಳ್ಳುವುದು ಒಳ್ಳೆಯದು. ವರ್ಷಗಳ ಮೇಲೆ ಇನ್ನೊಂದು ರಾಜ್ಯದ ಗುತ್ತಿಗೆದಾರನನ್ನು ಹುಡುಕಿ ಅವನ್ನು ತರುವುದು ಬಹಳ ಕಷ್ಟ.