ಬಾವುಟದವನಿಂದ ಚಾಲಕಿಯವರೆಗೆ

1865ರ ಬ್ರಿಟಿಷ್ ಕಾಯ್ದೆಯಂತೆ ರಸ್ತೆಗಿಳಿದ ಉಗಿಬಂಡಿಗಿಂತ 60 ಗಜ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. ಊರೊಳಗೆ ವೇಗ ಗಂಟೆಗೆ 2 ಮೈಲಿ. ಬಸ್ಸಿನ ಸ್ಟೇರಿಂಗ್ ಹಿಡಿದೇ ಮುದುಕನಾದ ನನಗೆ ಆ ಬಾವುಟದವನ ಮೇಲೆ ಗೌರವವಿದೆ. ಅವನಿಗೆ ಎದುರಿನ ಮನುಷ್ಯ ಮನುಷ್ಯನಾಗಿಯೇ ಕಾಣುತ್ತಿದ್ದ.

2018ರ ಮಾರ್ಚ್ 18ರ ರಾತ್ರಿ, ಅಮೆರಿಕದ ಟೆಂಪಿಯಲ್ಲಿ ಊಬರ್‌ನ ಸ್ವಯಂಚಾಲಿತ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿಯಿತು, ಆಕೆ ಉಳಿಯಲಿಲ್ಲ. ಯಂತ್ರ ಆಕೆಯನ್ನು 5.6 ಸೆಕೆಂಡ್ ಮೊದಲೇ ಗುರುತಿಸಿತ್ತು. ಒಮ್ಮೆ ವಾಹನವೆಂದಿತು, ಒಮ್ಮೆ ಬೇರೇನೋ, ಒಮ್ಮೆ ಸೈಕಲ್. ಜೀಬ್ರಾ ಪಟ್ಟಿಯಿಲ್ಲದ ಕಡೆಯೂ ಜನ ರಸ್ತೆ ದಾಟುತ್ತಾರೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. (ನಮ್ಮ ಹಾಸನದ ಬಸ್‌ಸ್ಟ್ಯಾಂಡಿನ ಮುಂದೆ ಅರ್ಧ ಗಂಟೆ ನಿಂತಿದ್ದರೂ ಸಾಕಿತ್ತು.) ಕಾರಿನ ಮೂಲ ತುರ್ತು ಬ್ರೇಕನ್ನು ಕಂಪನಿಯೇ ಆಫ್ ಮಾಡಿಟ್ಟಿತ್ತು. ಕಾವಲಿಗಿದ್ದ ಚಾಲಕಿಯ ಕಣ್ಣು ಮೊಬೈಲಿನ ಮೇಲಿತ್ತು. 2023ರಲ್ಲಿ ಆಕೆಗೆ 3 ವರ್ಷ ಪ್ರೊಬೇಷನ್ ಆಯಿತು. ಕಂಪನಿಯ ಮೇಲೆ ಕ್ರಿಮಿನಲ್ ಕೇಸೇ ಇಲ್ಲ.