ಸನ್ನತಿಯ ಕಲ್ಲು, ಮನಿಯ ಹಾರ್ಡ್‌ಡಿಸ್ಕು

ಯಾದಗಿರಿ, ಶಹಾಪುರ, ಸುರಪುರದ ಹೆಣ್ಮಕ್ಕಳೊಳಗ ಸನ್ನತಿ ಚಂದ್ರಲಾಂಬಾ ದರ್ಶನಕ್ಕ ಹೋಗದವರು ಕಡಿಮಿ. ಭೀಮಾ ಹೊಳಿ ದಂಡಿಗೆ ಇರೋ ಊರು. ಕಾಯಿ ಒಡಸ್ತೀವಿ, ಉಡಿ ತುಂಬ್ತೀವಿ, ಬರ್ತೀವಿ. ಆದ್ರ ಅದೇ ಗುಡಿ ಆವರಣದಾಗ ಸಿಕ್ಕ ಒಂದು ಕಲ್ಲಿನ ಕಥಿ ಬಾಳ ಮಂದಿಗೆ ಗೊತ್ತಿಲ್ಲ. ಹಾರ್ಡ್‌ಡಿಸ್ಕ್ ಕೆಟ್ಟು, ಫೋಟೋ ಎಲ್ಲಾ ಹೋದ್ವು ಅಂತ ಕಣ್ಣೀರು ಹಾಕೋರು ಮೊದಲು ಈ ಕಥಿ ಕೇಳಬೇಕ್ರಿ.

1986ರಾಗ ಅಲ್ಲಿಯ ಕಾಳಿ ಗುಡಿಯ ಛತ್ತು ಕುಸಿದು ಬಿತ್ತು. ಮೂರ್ತಿ ಒಡೀತು. ಅದರ ಕೆಳಗ ಪೀಠಕ್ಕ ಹಾಕಿದ್ದ ಚಪ್ಪಡಿ ಹೊರಗ ಬಂತು. ನೋಡಿದ್ರ ಎರಡೂ ಮಗ್ಗಲಿಗೆ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷಾ. ಕ್ರಿಸ್ತಪೂರ್ವ 3ನೇ ಶತಮಾನದಾಗ ಅಶೋಕ ಬರೆಸಿದ ಶಾಸನ! ಯಾವ ಕಾಲದಾಗೋ ಯಾರೋ, ಓದಾಕ ಬರಲಾರದ ಕಲ್ಲು, ಹೆಂಗೂ ಸಪಾಟ ಅದ ಅಂತ ತಂದು, ಮೂರ್ತಿ ಕೂಡಿಸಾಕ ಅದರ ನಡುವ ಚೌಕದ ತೂತು ಕೊರೆದಿದ್ರು. ತೂತು ಬಿದ್ದ ಕಡಿ ಇದ್ದ ಅಕ್ಷರ ಹೋದವು. ಉಳಿದ ಕಡಿ ಬಾಳಷ್ಟು ಅಕ್ಷರ ಕತ್ತಲದಾಗ ಹಂಗೇ ಕುಂತಿದ್ವು.

ಹಾರ್ಡ್‌ಡಿಸ್ಕಿನ ಹಣೆಬರಹನೂ ಇದೇ. ಅದರೊಳಗ ತಟ್ಟಿಯಂಗ ತಿರುಗೋ ಬಿಲ್ಲಿ ಇರ್ತಾವು, ಅವುಗಳ ಮ್ಯಾಲ ಅಯಸ್ಕಾಂತದ ಸಣ್ಣ ಸಣ್ಣ ಗುರುತು. 1956ರಾಗ ಐಬಿಎಂ ಕಂಪನಿ ಮಾಡಿದ ಮೊದಲನೇ ಡಿಸ್ಕಿನಾಗ 24 ಇಂಚಿನ 50 ಬಿಲ್ಲಿ ಇದ್ವು. ಅಷ್ಟೆಲ್ಲಾ ಸೇರಿ ಹಿಡೀತಿದ್ದದ್ದು ಸುಮಾರು 5 ಎಂಬಿ, ಈಗಿನ ಮೊಬೈಲಿನ ಒಂದೆರಡು ಫೋಟೋದಷ್ಟು. ಈಗ ಅಂಗೈಯಷ್ಟು ಡಬ್ಬಿಯೊಳಗ ಇಡೀ ಮನೆತನದ ಲಗ್ನ, ತೊಟ್ಟಿಲ, ಜಾತ್ರಿ ಎಲ್ಲಾ ಹಿಡಿಸ್ತಾವು.

ಯಾವ ಫೈಲು ಎಲ್ಲಿ ಅದ ಅನ್ನೋ ಪಟ್ಟಿ ಬ್ಯಾರೆ ಜಾಗದಾಗ ಇರ್ತದ. ಹಗೇವಿನ ಮ್ಯಾಲಿನ ಗುರುತಿದ್ದಂಗ ಅದು. ಗುರುತು ಅಳಿಸಿದ್ರ ಹಗೇವು ಎಲ್ಲಿ ಅದ ಅಂತ ತಿಳಿಯಂಗಿಲ್ಲ, ಒಳಗಿನ ಜ್ವಾಳ ಮಾತ್ರ ಎಲ್ಲೂ ಹೋಗಿರಂಗಿಲ್ಲ. ಆದ್ರ ಅದೇ ಜಾಗದಾಗ ಹೊಸಾದು ಬರೆದ್ರ ಮುಗೀತು, ಅದು ಸನ್ನತಿ ಕಲ್ಲಿಗೆ ಕೊರೆದ ತೂತು.

ನಮ್ಮ ವೈನಿ ಡಿಸ್ಕಿಗೆ ಆಗಿದ್ದು ಇದೇ. ಅದರಾಗ ಅವರ ಅವ್ವ ಹಾಡಿದ ಬೀಸೂಕಲ್ಲಿನ ಪದ, ಸೋಬಾನ ಪದ ಇದ್ವು. ಆ ಅವ್ವ ಈಗಿಲ್ಲ. ಒಂದಿನ ವಾಯರ್ ಸಡಲಿ ಡಿಸ್ಕು ಕೈಕೊಟ್ಟು, ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತು. ಮನಿ ಹುಡುಗ್ರು ಹೂಂ ಅಂತ ಒತ್ತಿ, ಮ್ಯಾಲ ಎರಡು ಸಿನಿಮಾ ತುಂಬಿದ್ರು. ಆಗಿದ್ದು ಕ್ವಿಕ್ ಫಾರ್ಮ್ಯಾಟ್, ಅಂದ್ರ ಪಟ್ಟಿ ಅಷ್ಟೇ ಹೋಗಿತ್ತು. ಬಲ್ಲವರೊಬ್ರು ಮೂಲ ಡಿಸ್ಕಿಗೆ ಒಂದಕ್ಷರ ಬರೀದಂಗ, ಇಡೀ ಡಿಸ್ಕಿನ ನಕಲು ಬ್ಯಾರೆ ಡಿಸ್ಕಿಗೆ ತಗೊಂಡು, ಆ ನಕಲಿನ ಮ್ಯಾಲ ಫೋಟೋರೆಕ್ ಅನ್ನೋ ಪುಕ್ಕಟ ಸಾಫ್ಟ್‌ವೇರ್ ಓಡಿಸಿದ್ರು. ಅದು ಪಟ್ಟಿ ಕೇಳಂಗಿಲ್ಲ. ಜೆಪೆಗ್ ಫೋಟೋ ಅಂದ್ರ ಶುರುವಿನಾಗ ಒಂದೇ ತರದ ಗುರುತು ಇರ್ತದ, ಹಾಡಿಗೂ ಅದರದೇ ಗುರುತು. ಅಂಥಾ ಗುರುತು ಹುಡುಕ್ಕೋತ ಹೋಗ್ತದ. ಬಾಳಷ್ಟು ಬಂದ್ವು. ಸಿನಿಮಾ ಕುಂತ ಜಾಗದಾಗಿನ ಒಂದಿಷ್ಟು ಪದ ಬರಲೇ ಇಲ್ಲ.

ಬಂದವಕ್ಕ ಹೆಸರಿದ್ದಿಲ್ಲ, ಬರೇ ನಂಬರು. ಯಾವುದು ಯಾವ ಪದ ಅಂತ ಹೇಳಾಕ ಓಣಿಯ ಹಿರಿ ಹೆಣ್ಮಕ್ಕಳೇ ಬರಬೇಕಾಯ್ತು. ಕೇಳಿ ಕೇಳಿ, ಇದು ಅರಿಶಿಣದ್ದು, ಇದು ಕುಬಸದ್ದು, ಇದು ತೊಟ್ಟಿಲದ್ದು ಅಂತ ಒಂದೊಂದಕ್ಕೂ ಹೆಸರಿಟ್ರು. ಯಾವ ಕಂಪ್ಯೂಟರಿಗೂ ಬರಲಾರದ ಕೆಲಸ ಅದು.

ಅಶೋಕನ ವಿಷಯದಾಗೂ ಹಿಂಗೇ ಆಗ್ಯದ. ಬ್ರಾಹ್ಮಿ ಓದೋದೇ ಮಂದಿಗೆ ಮರೆತು ಹೋಗಿತ್ತು. 1837ರ ಹೊತ್ತಿಗೆ ಕಲಕತ್ತಾದಾಗ ಜೇಮ್ಸ್ ಪ್ರಿನ್ಸೆಪ್ ಆ ಲಿಪಿ ಬಿಡಿಸಿದ್ರು. ಓದಿದ್ರೂ ಬಾಳಷ್ಟು ಶಾಸನದಾಗ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಷ್ಟೇ ಇತ್ತು. 1915ರಾಗ ನಮ್ಮ ಪಕ್ಕದ ರಾಯಚೂರು ಜಿಲ್ಲಾದ ಮಸ್ಕಿಯೊಳಗ ಸಿಕ್ಕ ಶಾಸನದಾಗ ಅಶೋಕ ಅನ್ನೋ ಹೆಸರೇ ಇತ್ತು. ಆವಾಗ ದೇವಾನಾಂಪ್ರಿಯ ಯಾರು ಅನ್ನೋದು ಗಟ್ಟಿ ಆಯ್ತು. ಸನ್ನತಿ ಹತ್ತಿರದ ಕನಗನಹಳ್ಳಿ ಉತ್ಖನನದಾಗ ರಾಜ, ರಾಣಿಯ ಶಿಲ್ಪ ಸಿಕ್ಕದ. ಅದರ ಮ್ಯಾಲ ಬ್ರಾಹ್ಮಿಯೊಳಗ ರಾಜ ಅಶೋಕ ಅಂತ ಹೆಸರು ಬರೆದದ. ಬರೆದಿಟ್ಟದ್ದಕ್ಕೇ ಇವತ್ತು ಅದು ಯಾರ ಚಿತ್ರ ಅಂತ ನಮಗ ಗೊತ್ತು.

ಸನ್ನತಿ ಕಲ್ಲಿನಾಗ ಅಶೋಕನ 12ನೇ ಮತ್ತು 14ನೇ ಶಿಲಾಶಾಸನದ ಭಾಗ ಅವ, ಇನ್ನೊಂದು ಮಗ್ಗಲಿಗೆ ಎರಡು ಪ್ರತ್ಯೇಕ ಶಾಸನ ಅವ. ಈ ಪ್ರತ್ಯೇಕ ಶಾಸನ ಅದಕ್ಕೂ ಮೊದಲು ಒಡಿಶಾದ ಧೌಲಿ, ಜೌಗಡದಾಗ ಸಿಕ್ಕಿದ್ವು. ಮಂದಿ ಎಲ್ಲಾ ನನ್ನ ಮಕ್ಕಳಿದ್ದಂಗ ಅಂತ ಅಧಿಕಾರಿಗಳಿಗೆ ರಾಜ ತಿಳಿಹೇಳಿದ ಶಾಸನ ಅವು. ಅಲ್ಲಿ ಇನ್ನೊಂದು ಪ್ರತಿ ಇದ್ದದ್ದಕ್ಕೇ ಇಲ್ಲಿ ಹೋದ ಮಾತು ಏನಿತ್ತು ಅಂತ ಪಂಡಿತರು ಹೇಳಾಕ ಬಂತು. ಇನ್ನ 14ನೇ ಶಾಸನದ ಮಾತು ಕೇಳ್ರಿ: ಈ ಧರ್ಮಲಿಪಿ ಎಲ್ಲಾ ಕಡಿ ಒಂದೇ ಸಮ ಇಲ್ಲ, ಕೆಲವು ಕಡಿ ಸಣ್ಣದು, ಕೆಲವು ಕಡಿ ದೊಡ್ಡದು, ಬರೆಯೋನ ತಪ್ಪಿನಿಂದ ಅರ್ಧಮರ್ಧನೂ ಆಗಿರಬಹುದು ಅಂತ ರಾಜಾನೇ ಹೇಳ್ಯಾನ. ನಕಲು ಮಾಡೋ ಮುಂದ ತಪ್ಪು ಬೀಳ್ತದ ಅಂತ ಅವನಿಗೆ ಗೊತ್ತಿತ್ತು, ಹಂಗಿದ್ರೂ ಊರೂರಿಗೆ ಬರೆಸಿದ.

ಅದಕ್ಕ, ಅಕ್ಕ-ತಂಗೇರೆ, ಡಿಸ್ಕು ಕೆಟ್ರ ಮೊದಲು ಕೈ ಹಿಂದ ತಗೀರಿ. ಫಾರ್ಮ್ಯಾಟ್ ಕೇಳಿದ್ರ ಬ್ಯಾಡ ಅನ್ರಿ. ಅದರ ಮ್ಯಾಲ ಏನೂ ತುಂಬಬ್ಯಾಡ್ರಿ, ಸಿಕ್ಕ ಫೈಲುಗಳನ್ನೂ ಅದಕ್ಕೇ ವಾಪಸ್ ಹಾಕಬ್ಯಾಡ್ರಿ. ಟಕ್ ಟಕ್ ಸಪ್ಪಳ ಬಂದ್ರ ವಾಯರ್ ಕಿತ್ತು, ಬಲ್ಲವರ ಕೈಗೇ ಕೊಡ್ರಿ. ಮನಿಯೊಳಗ ಬಿಚ್ಚಿದ್ರ ಒಂದು ಕಣ ಧೂಳೂ ಬಿಲ್ಲಿಗೆ ಗೀರು ಹಾಕ್ತದ. ಒಳಗ ಬಿಲ್ಲಿ ಇಲ್ಲದ ಎಸ್‌ಎಸ್‌ಡಿ ಇದ್ರ ಈ ಲೆಕ್ಕ ಪೂರಾ ಕೂಡಂಗಿಲ್ಲ: ಅಳಿಸಿದ್ದನ್ನ ಅದು ತಾನೇ ಒಳಗೊಳಗ ಒರೆಸಿ ಹಾಕಬಹುದು.

ಕೆಡೋಕಿಂತ ಮೊದಲೇ ಇನ್ನೊಂದು ಪ್ರತಿ ಮಾಡಿ, ಬ್ಯಾರೆ ಊರಿನ ತಂಗಿ ಮನ್ಯಾಗ ಇಡ್ರಿ. ಫೋಟೋಕ್ಕ, ಹಾಡಿಗೆ ಹೆಸರು ಬರೀರಿ: ಯಾರದು, ಯಾವೂರು, ಯಾವ ಕಾರ್ಯದ್ದು. ಹಾಡಿನ ಗುರುತು ಹಿಡಿಯೋ ಮುದುಕೇರು ನಮ್ಮ ಓಣಿಯೊಳಗ ಈಗ ಮೂವರೇ ಉಳಿದಾರ.