ಅವ್ವನ ಕಾಲು

ನಮ್ಮಜ್ಜಿಗೆ ದಾದಿಯೆಂದರೆ ಮೈಸೂರು. 1906ರಲ್ಲಿ ಅಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ ಹೆಂಗಸರು ಮಕ್ಕಳದು; ಅಜ್ಜಿ ಹೆರಿಗೆಗೆ ಹೋದದ್ದೂ ಅಲ್ಲಿಗೇ. ಮುದುಕರ ಆರೈಕೆಗೆ ದಾದಿ ಬೇಕೆಂದು ಯಾರಿಗೂ ತೋಚಿರಲಿಲ್ಲ. ಮನೆಯಲ್ಲಿ ಸೊಸೆ, ಮಗಳು ಇದ್ದರಲ್ಲ!

ಆಮೇಲೆ ಮನೆಗಳು ಬರಿದಾದವು. ಕನ್ನಂಬಾಡಿ ನಾಲೆಯ ನೀರುಂಡ ಶ್ರೀರಂಗಪಟ್ಟಣ, ಪಾಂಡವಪುರದ ಮಕ್ಕಳು ಬೆಂಗಳೂರಿಗೆ ಹೋದರೆ, ಮಳೆ ನಂಬಿದ ನಾಗಮಂಗಲ, ಕೆ.ಆರ್. ಪೇಟೆಯ ಹಳ್ಳಿಗಳವರು ಮುಂಬಯಿಯವರೆಗೂ ಹೋದರು. ಎಷ್ಟು ಮಂದಿ ಹೋಗಿದ್ದರೆಂಬುದು 2020ರ ಮೇ ತಿಂಗಳಲ್ಲಿ, ಕೊರೊನಾಕ್ಕೆ ಅಂಜಿ ಅವರು ಮರಳಿದಾಗಲೇ ಊರಿಗೆ ಅರಿವಾದದ್ದು.

1986ರಲ್ಲಿ ನಾಗಮಂಗಲ ತಾಲ್ಲೂಕಿಗೆ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಬಂದಿತು. ಮುಂದೆ ನರ್ಸಿಂಗ್ ಕಲಿಕೆಯೂ ನಮ್ಮ ಹಳ್ಳಿಗಳ ಬಾಗಿಲಿಗೆ ಬಂದಿತು.

ಒಮ್ಮೆ ವಿದ್ಯಾರ್ಥಿನಿಯೊಬ್ಬಳು ನಮ್ಮನೆಗೆ ಬಂದು ಅವ್ವನ ರಕ್ತದೊತ್ತಡ ಬರೆದುಕೊಂಡು ಎದ್ದಳು. ಜೊತೆಗಿದ್ದ ಟೀಚರು, “ಕಾಲು ನೋಡಿದೆಯಾ?” ಎಂದರು. ಹುಡುಗಿ ನೆಲಕ್ಕೆ ಕೂತು ಅವ್ವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಬಿಡಿಸಿದಳು. ಸಂದಿಯಲ್ಲಿ ಹುಣ್ಣು. ಸಕ್ಕರೆ ಕಾಯಿಲೆ ನರ ಸಾಯಿಸಿದ್ದರಿಂದ ಅವ್ವನಿಗೆ ನೋವೇ ಗೊತ್ತಾಗಿರಲಿಲ್ಲ. ತಡವಾಗಿದ್ದರೆ ಬೆರಳೇ ಹೋಗಬಹುದಿತ್ತು. “ನೋವಿಲ್ಲದ ಕಾಲನ್ನು ಕಣ್ಣೇ ಕಾಯಬೇಕು, ದಿನಾ,” ಎಂದರು ಟೀಚರು.

ಪ್ರತಿ ಯುಗಾದಿಗೂ ನಾನು ಆ ಕಾಲಿಗೆ ನಮಸ್ಕರಿಸಿದ್ದೆ. ಒಮ್ಮೆಯೂ ನೋಡಿರಲಿಲ್ಲ.